ದೀಕ್ಷಾಸ್ನಾನವೂ ಮಾನಸಾಂತರವೂ: ಕೊಡಗಿನ ಒಂದು ವೃತ್ತಾಂತ

ಕನ್ನಡದ ಕ್ರೈಸ್ತವಾಙ್ಮಯದಲ್ಲಿ ‘ಬ್ಯಾಪ್ಟಿಸಂ’ ಎಂಬ ಸಂಸ್ಕಾರಕ್ಕೆ ರೂಢಿಗೆ ಬಂದಿರುವ ಹೆಸರು ದೀಕ್ಷಾಸ್ನಾನ. ಗ್ರೀಕ್ ಮೂಲದ ಶಬ್ದಕ್ಕೆ ಅದ್ದುವುದು, ಮುಳುಗಿಸುವುದು ಎಂಬಿಷ್ಟೇ ಮೊದಲ ಅರ್ಥ; ಕನ್ನಡದ ಶಬ್ದವಾದರೋ ಹೆಚ್ಚಿನ ಭಾರವನ್ನು ಹೊತ್ತಿದೆ. ಸೋಮಯಾಗದಲ್ಲಿ ದೀಕ್ಷಿತನಾಗತಕ್ಕ ಯಜಮಾನನನ್ನು ಋತ್ವಿಜರು ನೀರಿನಿಂದ ಅಭಿಷೇಚನ ಮಾಡಿ ಮತ್ತೆ ಗರ್ಭಸ್ಥನನ್ನಾಗಿ ಮಾಡುವರೆಂದು ಐತರೇಯ ಬ್ರಾಹ್ಮಣವು ಹೇಳುವುದು. ವೀರಶೈವರಲ್ಲಿಯೂ ದೀಕ್ಷೆಯು ಪುನರ್ಜನ್ಮವೆಂದೇ ಎಣಿಸಲ್ಪಟ್ಟಿದೆ. ಆದಕಾರಣ ಹಾಲೇರಿಯ ವೀರಶೈವ ಅರಸರು ಆಳಿದ ಕೊಡಗಿನಲ್ಲಿ ಈ ಮಾತು ತೀರ ಅಪರಿಚಿತವಾಗಿ ತೋರಿರಲಾರದು.

ಕ್ರೈಸ್ತಮತವು ಕೊಡಗಿಗೆ ಮೊದಲು ಬಂದುದು ಮತಪ್ರಚಾರದಿಂದಲ್ಲ, ಆಶ್ರಯದಿಂದ. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕಥೋಲಿಕರಿಗೆ ದೊಡ್ಡ ವೀರರಾಜೇಂದ್ರನು ವೀರರಾಜಪೇಟೆಯಲ್ಲಿ ನೆಲೆಗೊಟ್ಟನು. ಅಲ್ಲಿಯ ಸಂತ ಅನ್ನಮ್ಮನ ಇಗರ್ಜಿಯು 1792ರಲ್ಲಿ ಸ್ಥಾಪಿತವಾಯಿತು. ಇವರು ಹುಟ್ಟು ಕ್ರೈಸ್ತರು. ಹಳೆಯ ಬಾಳನ್ನು ಬಿಟ್ಟು ಹೊಸದನ್ನು ಹಿಡಿದವರ ವಿಷಯವು ಅರವತ್ತು ವರ್ಷಗಳ ತರುವಾಯದ್ದು.

1852ನೆಯ ಜೂನ್ 30ರಂದು, ಪದಚ್ಯುತನಾದ ಚಿಕ್ಕ ವೀರರಾಜೇಂದ್ರನ ಮಗಳು ಗೌರಮ್ಮನಿಗೆ ಲಂಡನ್ನಿನ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯ ಸಮಕ್ಷಮದಲ್ಲಿ ದೀಕ್ಷಾಸ್ನಾನವಾಯಿತು. ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರನ್ನು ಬಾಲಿಕೆಗೆ ಕೊಟ್ಟಳು. ಹನ್ನೊಂದರ ವಯಸ್ಸಿನ ಹುಡುಗಿಯ ಅಂತರಂಗದಲ್ಲಿ ಅಂದು ಏನು ನಡೆಯಿತೆಂದು ಯಾರು ಬಲ್ಲರು? ತಂದೆಯು ತನ್ನ ರಾಜಕಾರ್ಯವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನೆಂಬುದು ಮಾತ್ರ ಅವನ ನಡತೆಯಿಂದ ವಿದಿತವಾಗುವುದು.

ವರುಷ ತುಂಬುವುದರೊಳಗೆ ನಡೆದ ಇನ್ನೊಂದು ದೀಕ್ಷಾಸ್ನಾನಕ್ಕೆ ಅರಮನೆಯೂ ಇಲ್ಲ, ರಾಣಿಯೂ ಇಲ್ಲ. ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹೆರ್ಮನ್ ಮೋಗ್ಲಿಂಗನು ಸ್ವದೇಶಕ್ಕೆ ಹೊರಡಲು ಸಿದ್ಧನಾಗಿದ್ದಾಗ ಅಲ್ಮಂಡ ಸೋಮಯ್ಯನೆಂಬ ಕೊಡವ ಸಂನ್ಯಾಸಿಯು ಅವನನ್ನು ಅರಸಿಕೊಂಡು ಬಂದನು. ಮೋಗ್ಲಿಂಗನು ಪ್ರಯಾಣವನ್ನು ಕೈಬಿಟ್ಟು ಕೊಡಗಿನ ಕಡೆಗೆ ತಿರುಗಿದನು. 1853ರಲ್ಲಿ ಸೋಮಯ್ಯನಿಗೆ ಸ್ತೆಫನ ಎಂಬ ಹೆಸರಾಯಿತು. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಈ ಹೆಸರಿನವನ ಮನೆಯವರು ಅಖಾಯ ಸೀಮೆಯ ಪ್ರಥಮಫಲವೆಂದು ಕರೆಯಲ್ಪಟ್ಟಿರುವುದನ್ನು ನೆನೆದರೆ, ಹೆಸರನ್ನು ಆರಿಸಿದವರ ಆಶೆಯು ಎಷ್ಟು ದೊಡ್ಡದೆಂದು ತಿಳಿಯುವುದು.

ಸ್ನಾನದಿಂದ ಪಾಪಕ್ಷಾಲನವೆಂಬ ಭಾವನೆಯನ್ನು ಕೊಡಗಿಗೆ ಯಾರೂ ಹೊರಗಿನಿಂದ ತರಬೇಕಾಗಿರಲಿಲ್ಲ. ತುಲಾಸಂಕ್ರಮಣದಲ್ಲಿ ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥೋದ್ಭವವಾಗುವುದು. ಗಂಗೆಯೂ ತನ್ನಲ್ಲಿ ಸೇರಿದ ಪಾಪವನ್ನು ತೊಳೆದುಕೊಳ್ಳಲು ಆಗ ಕಾವೇರಿಗೆ ಬರುವಳೆಂದು ಜನರ ನಂಬಿಕೆ. ಭೇದವಿರುವುದು ಬೇರೆಡೆ. ತೀರ್ಥಸ್ನಾನವು ವರುಷ ವರುಷವೂ ಬರುವುದು. ದೀಕ್ಷಾಸ್ನಾನವು ಬಾಳಿನಲ್ಲಿ ಒಂದೇ ಸಲ. ಹಾಗಾದರೆ ಆಮೇಲೆ ಮಾಡಿದ ಪಾಪಕ್ಕೆ ಗತಿಯೇನು? ಲೂಥರನು 1529ರ ಕಿರಿಯ ಪ್ರಶ್ನೋತ್ತರಮಾಲೆಯಲ್ಲಿ ಕೊಟ್ಟ ಸಮಾಧಾನವೇನೆಂದರೆ, ಒಳಗಿನ ಹಳೆಯ ಮನುಷ್ಯನು ಪಶ್ಚಾತ್ತಾಪದಿಂದ ದಿನದಿನವೂ ಮುಳುಗಿ ಸಾಯಬೇಕು, ಹೊಸ ಮನುಷ್ಯನು ದಿನದಿನವೂ ಏಳಬೇಕು. ವುರ್ಟೆಂಬರ್ಗಿನ ಭಕ್ತಿಪಂಥದಲ್ಲಿ ಬೆಳೆದ ಮೋಗ್ಲಿಂಗನಿಗೆ ಈ ಉಪದೇಶವು ಎಳೆತನದಿಂದಲೂ ಪರಿಚಿತ. ಈ ನಿತ್ಯನವೀಕರಣಕ್ಕೆ ಕನ್ನಡದಲ್ಲಿ ‘ಮಾನಸಾಂತರ’ವೆಂಬ ಪದವುಂಟು. ‘ಮೆಟನೋಯ’ ಎಂಬ ಗ್ರೀಕ್ ಪದದಂತೆಯೇ ಇದಕ್ಕೂ ಮನಸ್ಸು ಬೇರೆಯಾಗುವುದೆಂಬ ಅರ್ಥ. ‘ಪಶ್ಚಾತ್ತಾಪ’ದಲ್ಲಿ ಬೇಗೆಯುಂಟು, ಬದಲಾವಣೆಯಿಲ್ಲ. ಶಬ್ದವನ್ನು ಕಟ್ಟಿದವರು ಸಂಸ್ಕೃತವನ್ನು ಚೆನ್ನಾಗಿ ಬಲ್ಲವರೆಂಬುದರಲ್ಲಿ ಸಂಶಯವಿಲ್ಲ.

ಸೋಮಯ್ಯನು ತೆತ್ತ ಬೆಲೆಯು ಕಡಮೆಯದಲ್ಲ. ಕೊಡವನು ಒಕ್ಕದವನು, ಜಮ್ಮಾ ಭೂಮಿಯು ಒಬ್ಬನದಲ್ಲ, ಇಡೀ ಒಕ್ಕದ್ದು. ಐನ್‌ಮನೆಯ ದೀಪದೆದುರಿಗೆ ಕಾರಣವನನ್ನು ನೆನೆಯಲಾರದವನು ಒಕ್ಕದಲ್ಲಿ ಉಳಿಯುವುದು ಹೇಗೆ? ಸ್ವಜನರು ಅವನನ್ನು ಹೊರಗಿಟ್ಟರು. ಪತಿತನಿಗೆ ಘಟಸ್ಫೋಟವನ್ನು ವಿಧಿಸಿ, ದಾಯವನ್ನು ನಿಷೇಧಿಸಿ, ಅವನನ್ನು ಸತ್ತವನಂತೆ ಎಣಿಸಿದ ಸ್ಮೃತಿಕಾರರ ನ್ಯಾಯವೂ ಇದೇ. ಕಂಪನಿ ಸರಕಾರದ 1850ನೆಯ ಇಸವಿಯ 21ನೆಯ ಆಕ್ಟು ಮತಾಂತರದಿಂದ ಸ್ವತ್ತಿನ ಹಕ್ಕು ನಷ್ಟವಾಗದೆಂದು ಸಾರಿತ್ತು. ಇಲ್ಲೊಂದು ವಿಚಿತ್ರವುಂಟು: ಹಳೆಯ ಮನುಷ್ಯನು ಸತ್ತನೆಂಬುದರಲ್ಲಿ ಸಭೆಯೂ ಒಕ್ಕವೂ ಏಕಮತ, ಅವನು ಇನ್ನೂ ಅವನೇ ಎಂದು ಹೇಳಿದುದು ಕಾನೂನು ಒಂದೇ.

ಆದರೆ ಪ್ರಥಮಫಲದ ಹಿಂದೆ ಪೈರು ಬರಲಿಲ್ಲ. ಸೋಮಯ್ಯನ ದಾರಿಯನ್ನು ಹಿಡಿದ ಕೊಡವರು ಅತ್ಯಲ್ಪ. ಬಂದವರು, ಅದೇ ಕೊಡವರ ಗದ್ದೆಗಳಲ್ಲಿ ತಲೆತಲಾಂತರದಿಂದ ಆಳುಗಳಾಗಿ ದುಡಿದ, ಆ ಕಾಲದ ಬರಹಗಳಲ್ಲಿ ಹೊಲೆಯರೆಂದು ಕರೆಯಲ್ಪಟ್ಟ ಜನ. ಅಮ್ಮತ್ತಿಯ ಸಮೀಪದಲ್ಲಿ ಅವರಿಗಾಗಿ ಆನಂದಪುರವೆಂಬ ಊರು ಎದ್ದಿತು. ಶೌಚವು ಮೃಜ್ಜಲಗಳಿಂದಾಗುವ ಬಾಹ್ಯವೆಂದೂ ಚಿತ್ತಮಲವನ್ನು ಕಳೆಯುವ ಆಭ್ಯಂತರವೆಂದೂ ಎರಡು ಬಗೆಯೆಂದು ಯೋಗಸೂತ್ರದ ಭಾಷ್ಯಕಾರನು ವಿಂಗಡಿಸಿರುವನು. ಹುಟ್ಟಿನಿಂದಲೇ ಅಶುಚಿಗಳೆಂದು ಲೋಕವು ನಿರ್ಣಯಿಸಿದ್ದವರಿಗೆ ಎಷ್ಟು ಮಿಂದರೂ ಮೊದಲನೆಯದು ದೊರೆಯುವಂತಿರಲಿಲ್ಲ. ಎರಡನೆಯದನ್ನೇ ಮುಂದಿಟ್ಟುಕೊಂಡು ಬಂದ ಮಾತು ಅವರ ಕಿವಿಗೆ ಬೇರೆಯಾಗಿಯೇ ಕೇಳಿಸಿರಬೇಕು. ಕೂಲಿ, ಅನ್ನ, ನೆಲಗಳ ಆಶೆಯೂ ಇದ್ದಿತೆಂದು ಆಕ್ಷೇಪಿಸುವವರುಂಟು, ಇದ್ದರೂ ಇರಬಹುದು. ಅರಮನೆಯ ದೀಕ್ಷೆಯಲ್ಲಿ ಇಂಥ ಆಶೆಗಳು ಇರಲಿಲ್ಲವೆಂದು ಹೇಳಬಲ್ಲವರು ಮಾತ್ರ ಆನಂದಪುರದವರನ್ನು ಆಕ್ಷೇಪಿಸಬೇಕು.

ಮೋಗ್ಲಿಂಗನು 1860ರಲ್ಲಿ ಕೊಡಗನ್ನು ಬಿಟ್ಟು ಹೋಗಿ 1881ರಲ್ಲಿ ಸ್ವದೇಶದಲ್ಲಿ ತೀರಿಕೊಂಡನು. ಮಡಿಕೇರಿ, ಆನಂದಪುರಗಳ ಕೆಲಸವನ್ನು ಮುಂದೆ ವಹಿಸಿದವರಲ್ಲಿ ಫರ್ಡಿನಾಂಡ್ ಕಿಟ್ಟೆಲನೂ ಒಬ್ಬನು. ಅವನ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು.