ಗುಳೆ, ಗಡಿ, ವ್ಯಾಖ್ಯೆ: ರೋಣ–ನರಗುಂದ–ಗಜೇಂದ್ರಗಡ ಸೀಮೆಯ ವಲಸೆಯಲ್ಲಿ ಕಾನೂನಿನ ಪಾತ್ರ

ಮೆಕ್ಸಿಕೋ ದೇಶದ ಕೂಲಿಗಾರನು ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಹೋಗಿ, ಕೆಲ ತಿಂಗಳು ದುಡಿದು, ತನ್ನೂರಿಗೆ ಮರಳುತ್ತಿದ್ದ ಹಳೆಯ ರೂಢಿಯು ಅಮೆರಿಕದ ಕಾನೂನುಗಳ ದೆಸೆಯಿಂದಲೇ ಮುರಿದುಬಿದ್ದು, ಮರಳಿ ಬಾರದೆ ಅಲ್ಲಿಯೇ ನೆಲೆನಿಲ್ಲುವ ವಲಸೆಯಾಗಿ ಪರಿಣಮಿಸಿತೆಂಬುದನ್ನು ಡಗ್ಲಾಸ್ ಮ್ಯಾಸಿಯವರೂ ಅವರ ಸಹೋದ್ಯೋಗಿಗಳೂ ಕೆಲವು ದಶಕಗಳಿಂದ ಪ್ರತಿಪಾದಿಸುತ್ತ ಬಂದಿದ್ದಾರೆ. ಈ ಸಿದ್ಧಾಂತವನ್ನು ನಮ್ಮ ದೇಶಕ್ಕೆ ಅನ್ವಯಿಸಿ ಓದುವವರು ಒಂದು ಸುಲಭವಾದ ನಿರ್ಣಯಕ್ಕೆ ಬರುವುದುಂಟು: ಗಡಿಯ ಕಾವಲು ವಲಸಿಗನನ್ನು ಕಟ್ಟಿಹಾಕುವುದಾದರೆ, ಕಾವಲಿಲ್ಲದ ಕಡೆ ಅವನು ಹೋಗಿ ಬಂದು ಮಾಡುತ್ತಲೇ ಇರುವನು; ಭಾರತದಲ್ಲಿ ಸಂವಿಧಾನದ 19ನೆಯ ಅನುಚ್ಛೇದವು ಸಂಚಾರ ಹಾಗೂ ವಾಸದ ಸ್ವಾತಂತ್ರ್ಯವನ್ನು ಎಲ್ಲ ನಾಗರಿಕರಿಗೂ ಕೊಟ್ಟಿರುವುದರಿಂದ ನಮ್ಮ ಗುಳೆಯು ಆ ಸ್ವಾತಂತ್ರ್ಯದ ಫಲ; ಅದನ್ನು ಎಬ್ಬಿಸುವುದು ಮಳೆಯ ಅಭಾವವೇ ಹೊರತು ಕಾನೂನಲ್ಲ. ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಇತ್ತೀಚೆಗೆ ರೋಣದಿಂದ ಬೇರ್ಪಟ್ಟು ತಾಲೂಕಾದ ಗಜೇಂದ್ರಗಡ, ಈ ಮೂರರ ಅನುಭವವನ್ನು ಮುಂದಿಟ್ಟುಕೊಂಡು ಆ ನಿರ್ಣಯವು ನಿಲ್ಲತಕ್ಕದ್ದಲ್ಲವೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಒಪ್ಪಿತವಾದ ಸಂಗತಿಗಳನ್ನು ವಿಸ್ತರಿಸುವ ಅಗತ್ಯವಿಲ್ಲ. ಕಿಂಗ್ಸ್ಲಿ ಡೇವಿಸ್ 1951ರ ತಮ್ಮ ಗ್ರಂಥದಲ್ಲಿ ಭಾರತೀಯರು ಜಾತಿ, ಅವಿಭಕ್ತ ಕುಟುಂಬ, ಭಾಷಾಭೇದಗಳ ಕಟ್ಟಿಗೆ ಸಿಕ್ಕು ಊರು ಬಿಟ್ಟು ಕದಲದವರೆಂದು ಬರೆದರು. ಯಾನ್ ಬ್ರೆಮನ್ ದಕ್ಷಿಣ ಗುಜರಾತಿನ ಕೂಲಿಕಾರರನ್ನು ದೀರ್ಘಕಾಲ ಅಭ್ಯಸಿಸಿ ಆ ಚಿತ್ರವನ್ನು ತಲೆಕೆಳಗು ಮಾಡಿದರು. ನಮ್ಮ ಸೀಮೆಯಲ್ಲಿ 1876–78ರ ಧಾತು-ಈಶ್ವರ ಸಂವತ್ಸರಗಳ ಬರವೂ, ಆ ತರುವಾಯ ಹೊಳೆಆಲೂರಿನ ಮೇಲೆ ಹಾದುಹೋದ ಗದಗ–ಹೋಟಗಿ ರೈಲುದಾರಿಯೂ ಜನರನ್ನು ದೂರದ ದುಡಿಮೆಗೆ ಪರಿಚಯಿಸಿದುವು. ಇಂದು ಬಿಳಿಜೋಳ ಕಡಲೆಗಳ ಸುಗ್ಗಿ ತೀರಿ, ಎರೆಹೊಲ ಬಿರುಕು ಬಿಡಲಾರಂಭಿಸಿದ ಮೇಲೆ, ಶಿವರಾತ್ರಿಯ ಆಚೀಚೆ ಹೊರಡುವ ಜನ ಗೋವೆ, ಮಂಗಳೂರು, ಉಡುಪಿ, ಬೆಂಗಳೂರುಗಳ ಕಟ್ಟಡದ ಕೆಲಸಗಳಿಗೆ ಹಂಚಿಹೋಗಿ, ಮೃಗಶಿರ ಮಳೆಯ ಹೊತ್ತಿಗೆ, ಇಲ್ಲವೇ ಕಾರಹುಣ್ಣಿವೆಗೆ, ಊರು ಸೇರುವರು. ಗಜೇಂದ್ರಗಡದ ಗುಡ್ಡಸೀಮೆಯ ತಾಂಡಾಗಳಿಂದ ಹೊರಡುವವರೂ ಉಂಟು. ಇಷ್ಟರಲ್ಲಿ ವಿವಾದವಿಲ್ಲ.

ಮಳೆಯೇ ಕಾರಣವೆಂಬ ವಾದವನ್ನು ಮೊದಲು ನೋಡೋಣ. ಇದು ಸುಳ್ಳಲ್ಲ, ಅರ್ಧ ಸತ್ಯ. ಮಳೆಯೊಂದೇ ಕಾರಣವಾಗಿದ್ದರೆ ಮಲಪ್ರಭೆಯ ಕಾಲುವೆ ಬಂದ ಮೇಲೆ ನರಗುಂದ ತಾಲೂಕಿನಿಂದ ಗುಳೆ ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ. ನವಿಲುತೀರ್ಥದ ಜಲಾಶಯದ ನೀರು ಕಾಲುವೆಯ ತುದಿಯವರೆಗೆ ಮುಟ್ಟದಿರುವುದು ಒಂದು ಕಡೆ, ಮುಟ್ಟಿದಲ್ಲಿ ಎರೆಭೂಮಿ ಜವುಳು ಹಿಡಿಯುವುದು ಇನ್ನೊಂದು ಕಡೆ, ಇವೆರಡರ ನಡುವೆ ಅಭಿವೃದ್ಧಿ ಕರದ ಭಾರ. ಇದೆಲ್ಲ ಕೂಡಿ 1980ರ ಜುಲೈ 21ರಂದು ನರಗುಂದ-ನವಲಗುಂದಗಳಲ್ಲಿ ರೈತರು ಸಿಡಿದೆದ್ದುದೂ, ಗುಂಡಿನ ದಾಳಿ ನಡೆದುದೂ ನಾಡಿಗೆ ತಿಳಿದ ವಿಷಯ. ಅಂದಮೇಲೆ ಒಬ್ಬ ಕೂಲಿಗಾರನು ಊರು ಬಿಡುವುದಕ್ಕೆ ಆಕಾಶದಷ್ಟೇ ನೆಲದ ಮೇಲಿನ ವ್ಯವಸ್ಥೆಯೂ ಕಾರಣವೆಂದಾಯಿತು. ಬಿಟ್ಟುಹೋದವನು ಯಾವ ಷರತ್ತಿನ ಮೇಲೆ ಹೋದನು, ಹೋದ ಕಡೆ ಯಾರಾಗಿ ಬದುಕಿದನು ಎಂಬುದಕ್ಕಂತೂ ಮಳೆ ಉತ್ತರ ಕೊಡಲಾರದು.

ಇನ್ನು ಮೆಕ್ಸಿಕೋದ ಕಥೆ. 1942ರ ಆಗಸ್ಟಿನಲ್ಲಿ ಎರಡೂ ಸರ್ಕಾರಗಳು ಮಾಡಿಕೊಂಡ 'ಬ್ರಸೇರೋ' ಒಪ್ಪಂದವು 1964ರ ಕೊನೆಯವರೆಗೆ ನಡೆದು, ಆ ಅವಧಿಯಲ್ಲಿ ಸುಮಾರು 46 ಲಕ್ಷ ಕರಾರುಪತ್ರಗಳು ಆದುವು. ಅದು ನಿಂತ ಮರುವರ್ಷವೇ, ಅಂದರೆ 1965ರಲ್ಲಿ, ಅಂಗೀಕೃತವಾದ ಕಾನೂನು ಪಶ್ಚಿಮ ಗೋಲಾರ್ಧದ ದೇಶಗಳಿಗೆ ಮೊತ್ತಮೊದಲ ಬಾರಿಗೆ ವರ್ಷಕ್ಕೆ 1,20,000 ಜನರ ಮಿತಿಯನ್ನು ಹಾಕಿತು. 1976ರ ತಿದ್ದುಪಡಿಯಿಂದ ಮೆಕ್ಸಿಕೋದ ಪಾಲಿಗೆ 20,000 ಉಳಿಯಿತು. ಹೊಲಗಳೂ ಅವೇ, ಕೂಲಿಗಾರರೂ ಅವರೇ, ದಾರಿಯೂ ಅದೇ; ನಿನ್ನೆಯವರೆಗೆ ಕರಾರಿನ ಮೇಲೆ ಬರುತ್ತಿದ್ದವನು ಇಂದು ಅಕ್ರಮದವನಾದ. ಹಾಗಿದ್ದೂ 1965ರಿಂದ 1985ರವರೆಗೆ ಪತ್ರವಿಲ್ಲದೆ ಒಳಬಂದವರ ಸಂಖ್ಯೆಯ ಶೇಕಡಾ 85ರಷ್ಟು ನಿರ್ಗಮನಗಳಿಂದಲೇ ಸರಿದೂಗುತ್ತಿತ್ತೆಂದು ಮ್ಯಾಸಿ ಮತ್ತು ಸಿಂಗರ್ ಲೆಕ್ಕ ಹಾಕಿದ್ದಾರೆ. 1993ರಲ್ಲಿ ಎಲ್ ಪಾಸೋದಲ್ಲಿಯೂ 1994ರಲ್ಲಿ ಸ್ಯಾನ್ ಡಿಯೇಗೋದಲ್ಲಿಯೂ ಕಾವಲು ಬಿಗಿಯಾದ ಮೇಲೆ ದಾಟುವುದು ದುಬಾರಿಯಾಗಿ, ಪ್ರಾಣಾಂತಿಕವಾಗಿ, ಒಮ್ಮೆ ದಾಟಿದವನು ಹಿಂದಿರುಗುವ ಸಾಹಸ ಮಾಡದಾದನು.

ಇಲ್ಲಿಯವರೆಗೆ ಮ್ಯಾಸಿಯವರೊಡನೆ ನಮ್ಮ ತಕರಾರಿಲ್ಲ. ತಕರಾರಿರುವುದು ಅವರನ್ನು ಭಾರತಕ್ಕೆ ಕರೆತರುವವರೊಡನೆ. ಗಡಿ ಮುಚ್ಚಿದರೆ ಮರಳುವಿಕೆ ನಿಲ್ಲುವುದೆಂಬುದರಿಂದ, ಮರಳುತ್ತಿರುವವನೆಲ್ಲ ಸ್ವತಂತ್ರನೆಂದು ಸಿದ್ಧವಾಗುವುದಿಲ್ಲ. ರೋಣದ ಕೂಲಿಗಾರನು ಮರಳುವುದು ಬಹುಮಟ್ಟಿಗೆ ಗೋವೆಯಲ್ಲಿ ಅವನಿಗೆ ನಿಲ್ಲಲು ಆಸ್ಪದವಿಲ್ಲದಿರುವುದರಿಂದ. ಪಡಿತರ ಚೀಟಿ ಊರಿನದು, ಮತ ಊರಿನದು, ಮಕ್ಕಳ ಶಾಲೆ ಊರಿನದು. ಸರ್ಕಾರಿ ನೌಕರಿಯಂಥ ಸೌಲಭ್ಯಕ್ಕೆ ಗೋವೆಯವರು ಕೇಳುವುದು 15 ವರ್ಷಗಳ ವಾಸದ ಪ್ರಮಾಣಪತ್ರ. ನಿಂತವರು ಇಲ್ಲವೆಂದಲ್ಲ, ವಾಸ್ಕೋದ ಬೈನಾ ಸಮುದ್ರತೀರದಲ್ಲಿ, ಝುವಾರಿನಗರದಲ್ಲಿ ಕನ್ನಡಿಗರ ವಸತಿಗಳು ಬೆಳೆದುವು, ಮತ್ತು 2004ರಲ್ಲಿ ಬೈನಾದ ಗುಡಿಸಲುಗಳ ಮೇಲೆ ತೆರವಿನ ಯಂತ್ರಗಳು ಹರಿದುವು. ಗುಳೆಯ ದಿನಗಳಲ್ಲಿ ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ನಿಂತು ನೋಡಿದರೆ ಈ ಮಾತಿಗೆ ಬೇರೆ ಪ್ರಮಾಣ ಬೇಕಾಗದು: ಗೋವೆಯ ಬಸ್ಸಿಗೆ ಏರುವ ಸಂಸಾರವು ಸಲಿಕೆ ಬುಟ್ಟಿಗಳ ಜೊತೆಗೆ ಜೋಳದ ಚೀಲವನ್ನೂ, ಖಡಕ್ ರೊಟ್ಟಿಯ ಗಂಟನ್ನೂ, ಶೇಂಗಾ ಹಿಂಡಿಯ ಡಬ್ಬಿಯನ್ನೂ ಹೇರಿಕೊಂಡು ಹೋಗುತ್ತದೆ. ದುಡಿಯಲು ಹೋಗುವ ಊರಿನಲ್ಲಿ ತಿನ್ನಲು ಸಿಗುವುದರ ಮೇಲೆ ಅವರಿಗೆ ಭರವಸೆಯಿಲ್ಲ. ಒಂದೇ ಪಡಿತರ ಚೀಟಿಯನ್ನು ಬೇರೆ ರಾಜ್ಯಗಳಲ್ಲಿಯೂ ನಡೆಸುವ ಏರ್ಪಾಡಿನಲ್ಲಿ 2020ರ ಜನವರಿಯಿಂದ ಕರ್ನಾಟಕವೂ ಗೋವೆಯೂ ಸೇರಿವೆ ಎಂಬುದನ್ನು ಇಲ್ಲಿ ಹೇಳಬೇಕು. ಅಲ್ಲಿಂದ ಮೂರು ತಿಂಗಳೊಳಗೇ ದೇಶ ಬೀಗ ಹಾಕಿಕೊಂಡಿತೆಂಬುದನ್ನೂ ಹೇಳಬೇಕು.

ಈಗ ನಮ್ಮ ಮುಖ್ಯ ವಾದಾಂಶಕ್ಕೆ ಬರೋಣ. ನರಗುಂದದ ಗುಂಡಿನ ಸದ್ದು ಅಡಗಿ ಮೂರು ತಿಂಗಳು ತುಂಬುವ ಮೊದಲೇ, 1980ರ ಅಕ್ಟೋಬರ್ 2ರಂದು, 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯು ಜಾರಿಗೆ ಬಂದಿತು. ಓದಲು ಅದು ಉದಾರವಾದ ಶಾಸನವಾಗಿತ್ತು. ಗುತ್ತಿಗೆದಾರನು ಜನರನ್ನು ಎತ್ತುವ ರಾಜ್ಯದಲ್ಲಿಯೂ ದುಡಿಸುವ ರಾಜ್ಯದಲ್ಲಿಯೂ ಪರವಾನಗಿ ಪಡೆಯಬೇಕಾಗಿತ್ತು. ತಿಂಗಳ ಕೂಲಿಯ ಅರ್ಧದಷ್ಟನ್ನು, ಅಥವಾ 75 ರೂಪಾಯಿ ಅದಕ್ಕಿಂತ ಹೆಚ್ಚಾದರೆ ಅದನ್ನು, ಸ್ಥಳಾಂತರ ಭತ್ಯವಾಗಿ ಕೊಡಬೇಕಾಗಿತ್ತು. ಹೋಗಿ ಬರುವ ಖರ್ಚು, ವಸತಿ, ವೈದ್ಯೋಪಚಾರ ಅವನ ಹೊಣೆಯಾಗಿದ್ದುವು. ಮೇಲಾಗಿ ಪ್ರತಿಯೊಬ್ಬ ಕಾರ್ಮಿಕನಿಗೂ ಭಾವಚಿತ್ರ ಅಂಟಿಸಿದ ಒಂದು ಪಾಸ್‌ಬುಕ್ಕನ್ನು ಹಿಂದಿ, ಇಂಗ್ಲಿಷುಗಳಲ್ಲದೆ ಕಾರ್ಮಿಕನ ಸ್ವಂತ ಭಾಷೆಯಲ್ಲಿಯೂ ಬರೆದು ಕೊಡಬೇಕಾಗಿತ್ತು. ಎಂದರೆ, ಅಬ್ಬಿಗೇರಿಯ ಇಲ್ಲವೇ ನರೇಗಲ್ಲಿನ ಗೌಂಡಿಯೊಬ್ಬನು ಮಡಗಾಂವಿನಲ್ಲಿ ಕಟ್ಟಡ ಕಟ್ಟುತ್ತಿದ್ದರೆ ಅವನ ಕಿಸೆಯಲ್ಲಿ ಕನ್ನಡದಲ್ಲಿ ಬರೆದ, ಕೂಲಿಯ ದರವನ್ನೂ ಮರಳುವ ಖರ್ಚನ್ನೂ ನಮೂದಿಸಿದ ಪುಸ್ತಕವಿರಬೇಕೆಂದು ಭಾರತದ ಸಂಸತ್ತು ವಿಧಿಸಿತ್ತು. ಆ ಪುಸ್ತಕದ ಬದಲು ವ್ಯವಹಾರದಲ್ಲಿರುವುದು ಊರಿನಿಂದ ಜನರನ್ನು ಕರೆದೊಯ್ಯುವ ಮೇಸ್ತ್ರಿಯ ಡೈರಿ. ಅದರಲ್ಲಿ ಹೆಸರಿನ ಮುಂದೆ ಉಚಲು, ಅಂದರೆ ಮುಂಗಡವಾಗಿ ಕೊಟ್ಟ ಹಣ, ಅದರ ಮುಂದೆ ದಿನಕ್ಕೊಂದರಂತೆ ಹಾಜರಿಯ ಗೀಟು, ಅರ್ಧ ದಿನಕ್ಕೆ ಅರ್ಧ ಗೀಟು. ಡೈರಿ ಮೇಸ್ತ್ರಿಯ ಕಿಸೆಯಲ್ಲಿ, ಓದುವ ಹಕ್ಕೂ ಅವನದೇ.

ಇದು ಕೇವಲ ಜಾರಿಯ ದೋಷ, ಶಾಸನದ್ದಲ್ಲ ಎಂಬುದು ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪ. ಇದಕ್ಕೆ ಬಲವಿಲ್ಲದಿಲ್ಲ. 'ಗುತ್ತಿಗೆದಾರ' ಎಂಬುದರೊಳಗೆ ಉಪಗುತ್ತಿಗೆದಾರ, ಖಾತೇದಾರ, ಸರದಾರ, ಏಜೆಂಟರನ್ನೆಲ್ಲ ಕಾಯಿದೆಯೇ ಸೇರಿಸಿತ್ತು. ಬರವಣಿಗೆಯ ಕರಾರಲ್ಲದೆ ಬೇರೆ ಬಗೆಯ ಏರ್ಪಾಡೂ ಸಾಕೆಂದಿತ್ತು. ಮೂಲ ಮಾಲೀಕನಿಗೆ ತಿಳಿಯದೆ ನಡೆದ ನೇಮಕವನ್ನೂ ಒಳಗೊಂಡಿತ್ತು. ಹೀಗಿರಲು ಬಲೆ ಸಣ್ಣದಾಯಿತೆನ್ನಲು ಹೇಗೆ ಸಾಧ್ಯ? ಆದರೆ ಈ ವೈಶಾಲ್ಯವೆಲ್ಲ ಒಂದೇ ಬಾಗಿಲಿನೊಳಗಿನದು. ವಲಸೆ ಕಾರ್ಮಿಕನೆನಿಸಿಕೊಳ್ಳಬೇಕಾದರೆ ಅವನು ಒಂದು ರಾಜ್ಯದಲ್ಲಿ ಗುತ್ತಿಗೆದಾರನ ಮೂಲಕ ನೇಮಕಗೊಂಡು ಇನ್ನೊಂದು ರಾಜ್ಯದಲ್ಲಿ ದುಡಿಯುತ್ತಿರಬೇಕಾಗಿತ್ತು. ಅಂಥವರು ಒಂದು ಸಂಸ್ಥೆಯಲ್ಲಿ ಐವರಾದರೂ ಇರಬೇಕಾಗಿತ್ತು. ತಾನಾಗಿ ಬಸ್ಸು ಹತ್ತಿ ಹೋಗಿ ಮಡಗಾಂವಿನ ನಾಕಾದಲ್ಲಿ ಬೆಳಿಗ್ಗೆ ಕೂಲಿಗಾಗಿ ನಿಂತವನು ಈ ಕಾಯಿದೆಯ ಕಣ್ಣಿಗೆ ವಲಸಿಗನೇ ಆಗಿರಲಿಲ್ಲ. ಗೋವೆಗಿಂತ ದೂರದ ಮಂಗಳೂರಿಗೆ ಮೇಸ್ತ್ರಿಯೊಡನೆಯೇ ಹೋದವನೂ ಆಗಿರಲಿಲ್ಲ, ಏಕೆಂದರೆ ಅವನು ರಾಜ್ಯ ದಾಟಲಿಲ್ಲ. ನೇಮಕವು ರೋಣದಲ್ಲಿಯೇ ನಡೆಯಿತೆಂದು ಸ್ಥಾಪಿಸಲು ಬೇಕಾದ ಪರವಾನಗಿ, ಪಾಸ್‌ಬುಕ್ಕುಗಳನ್ನು ಹುಟ್ಟಿಸಬೇಕಾಗಿದ್ದವನೋ ಸ್ವತಃ ಮೇಸ್ತ್ರಿ. ಅವು ಹುಟ್ಟದಿದ್ದರೆ ಲಾಭವೂ ಅವನಿಗೇ. ಹಕ್ಕಿನ ಅಸ್ತಿತ್ವವನ್ನು ಅದರ ಅಭಾವದಿಂದ ಗಳಿಸುವವನ ಕೈಗೆ ಒಪ್ಪಿಸಿದ ಶಾಸನವು ಜಾರಿಯಾಗದಿದ್ದುದು ಅಧಿಕಾರಿಗಳ ಆಲಸ್ಯದಿಂದ ಮಾತ್ರವೆಂದು ಹೇಳಲಾಗದು.

ಆದುದರಿಂದ ನಮ್ಮ ಪ್ರಮೇಯವಿಷ್ಟು: ಮೇಸ್ತ್ರಿಯನ್ನು ಹದ್ದಿನಲ್ಲಿಡಲು ಹುಟ್ಟಿದ ಕಾಯಿದೆಯು ಅವನು ಅದೃಶ್ಯನಾಗಿರುವುದನ್ನೇ ಲಾಭದಾಯಕವಾಗಿ ಮಾಡಿತು, ಅವನು ಅದೃಶ್ಯನಾದೊಡನೆ ಅವನ ಹಿಂದೆ ಬಂದ ಜನರೂ ಅದೃಶ್ಯರಾದರು. ಇಲ್ಲಿಯೇ ಮೆಕ್ಸಿಕೋದೊಡನೆ ನಿಜವಾದ ಹೋಲಿಕೆ ಇರುವುದು. 1986ರ ಅಮೆರಿಕದ ಕಾನೂನು ಪತ್ರವಿಲ್ಲದವರನ್ನು ತಿಳಿದೂ ನೇಮಿಸಿಕೊಂಡ ಮಾಲೀಕನಿಗೆ ದಂಡ ವಿಧಿಸಿತು. ತಿಳಿಯಲಿಲ್ಲವೆನ್ನಲು ಅನುಕೂಲವಾಗುವಂತೆ ತೋಟದ ಮಾಲೀಕರು ನಡುವೆ ಉಪಗುತ್ತಿಗೆದಾರನನ್ನು ತಂದು ನಿಲ್ಲಿಸಿಕೊಂಡರು. ಅಲ್ಲಿ ಕಾನೂನು ಮಧ್ಯಸ್ಥನನ್ನು ಮುಂದೆ ತಂದಿತು, ಇಲ್ಲಿ ಮರೆಗೆ ತಳ್ಳಿತು. ಎರಡೂ ಕಡೆ ಕೂಲಿಗಾರನಿಗೂ ಮಾಲೀಕನಿಗೂ ನಡುವಣ ಋಜು ಸಂಬಂಧ ಕಡಿದುಹೋಯಿತು. ಬ್ರಸೇರೋಗಳ ಕೂಲಿಯಲ್ಲಿ ಶೇಕಡಾ 10ನ್ನು ಉಳಿತಾಯವೆಂದು ಮುರಿದು, ಅನೇಕರಿಗೆ ಅದನ್ನು ಮರಳಿ ಕೊಡದೆ ಹೋದ ಪ್ರಸಂಗವನ್ನು ಬಲ್ಲವರಿಗೆ, ನಮ್ಮ ಸ್ಥಳಾಂತರ ಭತ್ಯದ ಗತಿಯೂ ಅಪರಿಚಿತವೆನಿಸದು. ಇಷ್ಟು ವ್ಯತ್ಯಾಸವುಂಟು: ಅಲ್ಲಿ ಹಣ ಮುರಿದುದಕ್ಕಾದರೂ ದಾಖಲೆಯಿತ್ತು.

ಈ ಪ್ರಮೇಯವನ್ನು ಅದರ ಮಿತಿಗಳೊಡನೆಯೇ ಗ್ರಹಿಸಬೇಕು. ಉಚಲಿನ ಪದ್ಧತಿಯೂ ಮೇಸ್ತ್ರಿಯೂ 1979ರ ಕಾಯಿದೆಗಿಂತ ಹಳೆಯವರು; ಕಾಯಿದೆ ಅವರನ್ನು ಸೃಷ್ಟಿಸಿತೆಂದು ನಾವು ಹೇಳುತ್ತಿಲ್ಲ. ಕಾಯಿದೆ ಇಲ್ಲದಿದ್ದರೂ ಮೇಸ್ತ್ರಿ ಲೆಕ್ಕವನ್ನು ಕಿಸೆಯಲ್ಲಿಯೇ ಇಡುತ್ತಿದ್ದನೆಂದು ಯಾರಾದರೂ ವಾದಿಸಿದರೆ ಅದನ್ನು ಪೂರ್ಣವಾಗಿ ಖಂಡಿಸುವ ಸಾಮಗ್ರಿ ಸುಲಭವಾಗಿ ಸಿಗುವಂಥದಲ್ಲ. ಮೇಸ್ತ್ರಿಗಳೆಲ್ಲ ವಂಚಕರೆಂಬುದೂ ನಮ್ಮ ಮಾತಲ್ಲ. ಅನೇಕರು ಅದೇ ಓಣಿಯವರು, ಅದೇ ಕುಲದವರು, ಕಾಯಿಲೆ ಬಿದ್ದವನನ್ನು ಊರಿಗೆ ಮುಟ್ಟಿಸುವವರೂ ಅವರೇ. 1982ರ ಏಷಿಯಾಡ್ ಕಾರ್ಮಿಕರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಾಯಿದೆಯನ್ನು ಕೈಗೆತ್ತಿಕೊಂಡುದರಿಂದ ಅದು ಸತ್ತ ಅಕ್ಷರವಾಗಿತ್ತೆಂದೂ ಹೇಳಬಾರದು. ಆದರೆ 2020ರ ವೃತ್ತಿ ಸುರಕ್ಷತಾ ಸಂಹಿತೆಯು ತಾನಾಗಿ ಬಂದವನನ್ನೂ ವಲಸೆ ಕಾರ್ಮಿಕನೆಂದು ಎಣಿಸಿರುವುದು ಹಳೆಯ ವ್ಯಾಖ್ಯೆಯಲ್ಲಿಯೇ ದೋಷವಿತ್ತೆಂಬುದಕ್ಕೆ ಶಾಸಕರಿಂದಲೇ ಬಂದ ಸಾಕ್ಷ್ಯವೆಂದು ನಮಗೆ ತೋರುತ್ತದೆ. ಅದೇ ಸಂಹಿತೆಯು ಐವರ ಮಿತಿಯನ್ನು ಹತ್ತಕ್ಕೆ ಏರಿಸಿ, ತಿಂಗಳಿಗೆ 18,000 ರೂಪಾಯಿಯ ಕೂಲಿಯ ಮೇರೆ ಇಟ್ಟು, ಸ್ಥಳಾಂತರ ಭತ್ಯವನ್ನು ಕೈಬಿಟ್ಟಿದೆ. ಒಂದು ಕೈಯಿಂದ ತೆರೆದುದನ್ನು ಇನ್ನೊಂದು ಕೈಯಿಂದ ಮುಚ್ಚಿದಂತಾಯಿತು.

ಬಗೆಹರಿಯದೆ ಉಳಿದ ಪ್ರಶ್ನೆಯೊಂದಿದೆ. 1956ರ ನವೆಂಬರ್ 1ರವರೆಗೆ ಈ ತಾಲೂಕುಗಳು ಮುಂಬಯಿ ಆಡಳಿತದಲ್ಲಿದ್ದುದರಿಂದ ಸೊಲ್ಲಾಪುರದ ಗಿರಣಿಗೆ ಹೋದ ರೋಣದವನು ತನ್ನ ರಾಜ್ಯದೊಳಗೇ ಇದ್ದನು. ಗೋವೆಯೋ 1961ರ ಡಿಸೆಂಬರಿನವರೆಗೆ ಪರದೇಶ. 1955ರ ಆಗಸ್ಟಿನ ಸತ್ಯಾಗ್ರಹದ ತರುವಾಯ ಭಾರತ ಸರ್ಕಾರವು ಆ ಗಡಿಯನ್ನು ಮುಚ್ಚಿ, ಮುರಗಾಂವಿನ ರೈಲುದಾರಿಯ ಸಂಚಾರವೂ ನಿಂತಿತು. ಗೋವೆಯ ಕಬ್ಬಿಣದ ಅದಿರಿನ ಗಣಿಗಳು ಬೆಳೆಯುತ್ತಿದ್ದ ಕಾಲವೂ ಅದೇ. ಮ್ಯಾಸಿಯವರ ಸಿದ್ಧಾಂತವನ್ನು ನಮ್ಮ ನೆಲದಲ್ಲಿ ಪರೀಕ್ಷಿಸಬೇಕಾದರೆ ಈ ಆರು ವರ್ಷಗಳಿಗಿಂತ ತಕ್ಕ ಅವಧಿ ಬೇರೊಂದಿಲ್ಲ: ಆಚೆ ಸಿಕ್ಕಿಬಿದ್ದವರು ಮರಳಿದರೋ, ಅಲ್ಲಿಯೇ ಬೇರು ಬಿಟ್ಟರೋ? ಮಾನ್ಯುಯೆಲ್ ಗಾಮಿಯೋ 1930ರ ತಮ್ಮ ಗ್ರಂಥದಲ್ಲಿ ಅಂಚೆಯ ಮನಿಯಾರ್ಡರುಗಳನ್ನು ಹಿಡಿದು ಮೆಕ್ಸಿಕೋದ ವಲಸಿಗರ ಊರುಗಳನ್ನು ಗುರುತಿಸಿದರು. ನಮ್ಮಲ್ಲಿಯೂ ಅದೇ ದಾರಿ ಹಿಡಿಯಬಹುದು. ಈ ಮೂರು ತಾಲೂಕುಗಳ ಹಳೆಯ ಮನೆಗಳಲ್ಲಿ 1961ಕ್ಕೆ ಹಿಂದಿನ ಗೋವೆಯ ಪರವಾನಗಿ, ಕೂಲಿಚೀಟಿ, ಮನಿಯಾರ್ಡರಿನ ತುಂಡು ಏನಾದರೂ ಉಳಿದಿದ್ದರೆ, ಅದನ್ನು ರದ್ದಿಗೆ ಹಾಕದೆ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕಾಗಲಿ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗಾಗಲಿ ತೋರಿಸಬೇಕೆಂದು ಓದುಗರಲ್ಲಿ ವಿನಂತಿ.