ಗೃಹ ಲಿಥಿಯಂ ಬ್ಯಾಟರಿ: ಸುರಕ್ಷತೆ ಮತ್ತು ನಿರ್ವಹಣೆ

ಗೃಹ ಬ್ಯಾಟರಿಯೆಂದರೆ ಸೌರಫಲಕ ಅಥವಾ ವಿದ್ಯುತ್ ಜಾಲದಿಂದ ಪಡೆದ ಶಕ್ತಿಯನ್ನು ಕೂಡಿಟ್ಟು, ಇನ್ವರ್ಟರ್ ಮೂಲಕ ಮನೆಗೆ ಒದಗಿಸುವ ಸಾಧನ. ಜಾಲಕ್ಕೆ ಜೋಡಿಸಿದ, ಬ್ಯಾಟರಿಯಿಲ್ಲದ ಚಾವಣಿ ಸೌರಘಟಕ ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ; ಲೈನ್ ದುರಸ್ತಿ ಮಾಡುವವರ ಜೀವರಕ್ಷಣೆಗೆ ಈ ಏರ್ಪಾಡು. ಆದ್ದರಿಂದ ವಿದ್ಯುತ್ ಕಂಪನಿ ಹೆಸ್ಕಾಂ ವ್ಯಾಪ್ತಿಯ, ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಸವಡಿಯಂಥ ಊರುಗಳಲ್ಲಿಯೂ ಕರೆಂಟ್ ಇಲ್ಲದ ಹೊತ್ತಿನಲ್ಲಿ ಸೌರಶಕ್ತಿ ಬಳಸಲು ಬ್ಯಾಟರಿ ಬೇಕಾಗುತ್ತದೆ.

ಲಿಥಿಯಂ ಅಯಾನ್ ಬ್ಯಾಟರಿ 1991ರಲ್ಲಿ ಮಾರುಕಟ್ಟೆಗೆ ಬಂದಿತು. ಮನೆಬಳಕೆಗೆ ಹೆಚ್ಚು ಒಗ್ಗುವುದು ಲಿಥಿಯಂ ಕಬ್ಬಿಣ ಫಾಸ್ಫೇಟ್ ಬಗೆ. ಈ ವಸ್ತುವನ್ನು ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್ 1997ರಲ್ಲಿ ವಿವರಿಸಿದರು. ಇದರ ಫಾಸ್ಫೇಟ್ ಬಂಧ ಬಿಗಿಯಾದುದರಿಂದ ಕಾವೇರಿದರೂ ಆಮ್ಲಜನಕ ಸುಲಭವಾಗಿ ಬಿಡುಗಡೆಯಾಗದು. ಆದರೂ ಅಪಾಯ ಪೂರ್ತಿ ಇಲ್ಲವೆನ್ನುವಂತಿಲ್ಲ: ಮಿತಿಮೀರಿದ ಚಾರ್ಜ್, ಪೆಟ್ಟು ಇಲ್ಲವೆ ಒಳಗಿನ ಶಾರ್ಟ್‌ನಿಂದ ಒಂದು ಕೋಶದ ಕಾವು ತಾನಾಗಿ ಏರುತ್ತ ಪಕ್ಕದ ಕೋಶಗಳಿಗೂ ಹಬ್ಬಬಹುದು. ಆಗ ಹೊಮ್ಮುವ ಅನಿಲಗಳು ವಿಷಕಾರಿ, ದಹನಶೀಲ.

ಲಿಥಿಯಂ ಕಬ್ಬಿಣ ಫಾಸ್ಫೇಟ್ ಕೋಶದ ಸಾಮಾನ್ಯ ವೋಲ್ಟೇಜ್ 3.2, ಗರಿಷ್ಠ ಮಿತಿ 3.65, 16 ಕೋಶ ಸರಣಿಯಲ್ಲಿ ಸೇರಿದರೆ 51.2 ವೋಲ್ಟ್. ಪ್ರತಿ ಕೋಶದ ವೋಲ್ಟೇಜ್ ಮತ್ತು ಬ್ಯಾಟರಿಯ ತಾಪವನ್ನು ಗಮನಿಸಿ, ಮಿತಿ ದಾಟಿದಾಗ ಸಂಪರ್ಕ ಕಡಿಯುವುದು ಬಿಎಂಎಸ್ ಎಂಬ ನಿಯಂತ್ರಣ ಮಂಡಲ. ಸಡಿಲವಾದ ಹೊರಗಿನ ಟರ್ಮಿನಲ್ ಬಿಸಿಯಾಗುವುದು ಅದಕ್ಕೆ ತಿಳಿಯದಿರಬಹುದು. ಆದ್ದರಿಂದ ಟರ್ಮಿನಲ್‌ಗಳ ಬಿಗಿತವನ್ನು ಆಗಾಗ ನೋಡಬೇಕು. ಸೀಸ-ಆಮ್ಲ ಬ್ಯಾಟರಿಗೆಂದು ಹೊಂದಿಸಿದ ಇನ್ವರ್ಟರನ್ನು ಹಾಗೆಯೇ ಜೋಡಿಸಬಾರದು. ಅದರ ಈಕ್ವಲೈಸೇಶನ್ (ಕೋಶಗಳನ್ನು ಸಮಗೊಳಿಸುವ) ಚಾರ್ಜ್‌ನ ವೋಲ್ಟೇಜ್ ಲಿಥಿಯಂ ಕೋಶಗಳ ಮಿತಿ ಮೀರುತ್ತದೆ. ನೇರ ವಿದ್ಯುತ್ತಿನ ಕಿಡಿ ಸುಲಭವಾಗಿ ಆರದ ಕಾರಣ ಡಿಸಿಗೆಂದೇ ತಯಾರಿಸಿದ ಫ್ಯೂಸ್ ಮತ್ತು ಬ್ರೇಕರ್ ಅಗತ್ಯ.

ಗದಗ ಸೀಮೆಯ ಬೇಸಿಗೆಯಲ್ಲಿ ತಗಡಿನ ಚಾವಣಿಯ ಕೋಣೆ ವಿಪರೀತ ಕಾಯುತ್ತದೆ. ಹೆಚ್ಚಿನ ತಾಪ ಬ್ಯಾಟರಿಯ ಆಯುಷ್ಯ ಕುಗ್ಗಿಸುತ್ತದೆ. ಅದನ್ನಿಡಲು ಬಿಸಿಲು ಬೀಳದ, ಗಾಳಿಯಾಡುವ ಗೋಡೆಯ ಬದಿ ಸೂಕ್ತ. ಹತ್ತಿ, ಮೇವು, ಹೊಟ್ಟು ತುಂಬಿದ ಕೋಣೆ, ಮಲಗುವ ಜಾಗ ಮತ್ತು ಹೊರಹೋಗುವ ದಾರಿ ಸಲ್ಲವು. ಎರೆನೆಲ ಒಣಗಿ ಬಿರಿದಾಗ ಭೂಸಂಪರ್ಕದ ರೋಧ ಏರುವುದರಿಂದ ಅರ್ಥಿಂಗ್ ಗುಂಡಿಗೆ ನೀರುಣಿಸಬೇಕು.

ಉಬ್ಬು, ಸೋರಿಕೆ, ವಿಚಿತ್ರ ವಾಸನೆ ಕಂಡರೆ ಬಳಕೆ ನಿಲ್ಲಿಸಬೇಕು. ಹೊಗೆ ಬಂದರೆ ಎಲ್ಲರೂ ಹೊರನಡೆದು 112ಕ್ಕೆ ಕರೆ ಮಾಡಬೇಕು. ಅಗ್ನಿಶಾಮಕ ಸಿಬ್ಬಂದಿ ಕೋಶಗಳನ್ನು ತಣಿಸಲು ಹೇರಳ ನೀರು ಬಳಸುತ್ತಾರೆ. ನಂದಿದ ಬೆಂಕಿ ಗಂಟೆಗಳ ಬಳಿಕವೂ ಮರಳಿ ಹೊತ್ತಬಹುದು. ಆಯುಷ್ಯ ತೀರಿದ ಬ್ಯಾಟರಿಯನ್ನು ಒಡೆಯಬಾರದು, ಕಸದೊಂದಿಗೆ ಎಸೆಯಬಾರದು. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022 ಇಂಥ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ಉತ್ಪಾದಕರಿಗೆ ವಹಿಸಿವೆ.