ನೀನು ಯಾರು ಎಂದು ಕೇಳುವ ಯಂತ್ರ

ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಕುಳಿತು ಗುಂಡಿ ಒತ್ತಿದೊಡನೆ ಯಂತ್ರ ನಿಮ್ಮನ್ನು ಕೇಳುವ ಮೊದಲ ಪ್ರಶ್ನೆ ಲೆಕ್ಕದ್ದಲ್ಲ, ವಿಜ್ಞಾನದ್ದೂ ಅಲ್ಲ. ನೀನು ಯಾರು ಎಂಬುದು ಆ ಪ್ರಶ್ನೆ. ನಮ್ಮ ಬಹುತೇಕ ಶಾಲೆಗಳಲ್ಲಿ ಇದಕ್ಕೆ ಒಂದೇ ಉತ್ತರ ಉಂಟು. ಎಲ್ಲರೂ 'ಸ್ಟೂಡೆಂಟ್' ಎಂಬ ಒಂದೇ ಹೆಸರಿನಿಂದ ಒಳಹೋಗುತ್ತಾರೆ, ಗುಪ್ತಪದವೂ ಒಂದೇ. ನಾನು ಬಿ.ಎಸ್ಸಿ. ಓದುತ್ತಿದ್ದ ಕಾಲೇಜಿನಲ್ಲಂತೂ ಅದನ್ನು ಸೀಮೆಸುಣ್ಣದಿಂದ ಕರಿಹಲಗೆಯ ಮೂಲೆಯಲ್ಲಿ ಬರೆದಿಟ್ಟು, ಅಳಿಸಬಾರದು ಎಂದು ಕೆಳಗೆ ಗೆರೆ ಎಳೆದಿದ್ದರು. ಯಾರಾದರೂ ಇನ್ನೊಬ್ಬರ ಕಡತವನ್ನು ಅಳಿಸಿದರೆ ಅಳಿಸಿದವರು ಯಾರು? ಸ್ಟೂಡೆಂಟ್. ಶಿಕ್ಷೆ ಯಾರಿಗೆ? ಇಡೀ ತರಗತಿಗೆ.

ಈ ಪ್ರಶ್ನೆಗೂ ಒಂದು ಇತಿಹಾಸ ಉಂಟು. ಮೊದಮೊದಲಿನ ಕಂಪ್ಯೂಟರುಗಳಿಗೆ ಎದುರಿಗಿರುವವರು ಯಾರು ಎಂದು ತಿಳಿಯಬೇಕಾಗಿರಲಿಲ್ಲ. ಒಂದು ಯಂತ್ರ, ಒಂದು ಹೊತ್ತಿಗೆ ಒಂದು ಕೆಲಸ. 1961ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಹಲವರು ಸೇರಿದೊಡನೆ ಯಾರ ಕಡತ ಯಾರದು, ಯಾರಿಗೆ ಎಷ್ಟು ಹೊತ್ತು ಎಂಬ ಪ್ರಶ್ನೆಗಳು ಎದ್ದವು. ಅದಕ್ಕಾಗಿ ಪ್ರತಿಯೊಬ್ಬರಿಗೂ ಒಂದು ಹೆಸರು, ಒಂದು ಗುಪ್ತಪದ ಕೊಟ್ಟರು. ಮರುವರ್ಷವೇ ಕಳ್ಳತನವೂ ನಡೆಯಿತು. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ಸಿಗುತ್ತಿದ್ದ ನಾಲ್ಕು ಗಂಟೆ ಸಾಲುತ್ತಿರಲಿಲ್ಲ. ಆತ ಎಲ್ಲರ ಗುಪ್ತಪದಗಳಿದ್ದ ಕಡತವನ್ನೇ ಮುದ್ರಿಸಿ ಕೊಡುವಂತೆ ಯಂತ್ರಕ್ಕೆ ಕೋರಿಕೆ ಸಲ್ಲಿಸಿದ, ಯಂತ್ರ ವಿಧೇಯತೆಯಿಂದ ಮುದ್ರಿಸಿ ಕೊಟ್ಟಿತು! 1966ರಲ್ಲಿ ಇನ್ನೊಂದು ಅವಾಂತರ. ಎರಡು ತಾತ್ಕಾಲಿಕ ಕಡತಗಳು ಅದಲುಬದಲಾಗಿ, ಒಳಬಂದವರಿಗೆಲ್ಲ ಅಂದಿನ ಸೂಚನೆಯ ಬದಲು ಎಲ್ಲರ ಗುಪ್ತಪದಗಳ ಪಟ್ಟಿಯೇ ಕಾಣಿಸಿತು.

ಮುಂದೆ 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಆರಂಭಿಸಿದ ಯೂನಿಕ್ಸ್ ವ್ಯವಸ್ಥೆ ಕಡತದ ಮಾಲೀಕ, ಅವನ ಗುಂಪು, ಉಳಿದವರು ಎಂಬ ಮೂರು ವರ್ಗಗಳನ್ನು ನೆಲೆಗೊಳಿಸಿತು. ಓದುವುದು, ಬರೆಯುವುದು, ಚಾಲನೆ ಮಾಡುವುದು, ಹೀಗೆ ಪ್ರತಿ ವರ್ಗಕ್ಕೂ ಬೇರೆ ಬೇರೆ ಅನುಮತಿ. ಇಂದಿನ ಲಿನಕ್ಸ್‌ನಲ್ಲಿಯೂ ಇದೇ ಕ್ರಮ ನಡೆದು ಬಂದಿದೆ.

ಶಾಲೆಯ ಮಕ್ಕಳಿಗೆ ಜಾಲದ ಪರಿಚಯ ಮಾಡಿಸಿದ ಒಂದು ಹಳೆಯ ಪ್ರಯೋಗವನ್ನು ಇಲ್ಲಿ ನೆನೆಯಬೇಕು. 1980ರ ದಶಕದಲ್ಲಿ ಬ್ರಿಟನ್ನಿನ ಏಕಾರ್ನ್ ಸಂಸ್ಥೆ ಬಿ.ಬಿ.ಸಿ. ಮೈಕ್ರೊ ಎಂಬ ಕಂಪ್ಯೂಟರನ್ನು ತಯಾರಿಸಿತು. ಅವುಗಳನ್ನು ತಂತಿಯಿಂದ ಜೋಡಿಸಲು ಇಕೋನೆಟ್ ಎಂಬ ಜಾಲವೂ ಇತ್ತು. ಒಂದೊಂದು ಯಂತ್ರಕ್ಕೂ 1ರಿಂದ 254ರೊಳಗೆ ಒಂದು ನಿಲ್ದಾಣ ಸಂಖ್ಯೆ. ಮಕ್ಕಳ ಕಡತಗಳೆಲ್ಲ ಇನ್ನೊಂದು ಮುಖ್ಯ ಯಂತ್ರದಲ್ಲಿ. ಒಳಹೋಗಲು ಟೈಪ್ ಮಾಡಬೇಕಾದ ಆಜ್ಞೆ 'ಐ ಆಮ್', ಅಂದರೆ 'ನಾನು ಇಂಥವನು'. ಇದಕ್ಕಿಂತ ಸರಳವಾದ ಪಾಠ ಇನ್ನಾವುದು? ಯಂತ್ರಕ್ಕೆ ಒಂದು ಗುರುತು, ಮನುಷ್ಯನಿಗೆ ಇನ್ನೊಂದು ಗುರುತು, ಎರಡೂ ಬೇರೆ ಎಂಬುದು ಆ ಮಕ್ಕಳಿಗೆ ಮೊದಲ ದಿನವೇ ತಿಳಿಯುತ್ತಿತ್ತು.

ಇದೇ ಬಿ.ಬಿ.ಸಿ. ಮೈಕ್ರೊ 1984-85ರಲ್ಲಿ ನಮ್ಮ ದೇಶದ ಶಾಲೆಗಳಿಗೂ ಬಂತು. 'ಕ್ಲಾಸ್' ಎಂಬ ಹೆಸರಿನ ಆ ಯೋಜನೆ ಸುಮಾರು 250 ಶಾಲೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಸರಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ದೊಡ್ಡ ಪ್ರಮಾಣದಲ್ಲಿ ತಲುಪಿದ್ದು 2001ರ ಸುಮಾರಿಗೆ, 'ಮಾಹಿತಿ ಸಿಂಧು' ಯೋಜನೆಯಲ್ಲಿ. ಅದರಿಂದ ಉಪಕಾರವಾಗಲಿಲ್ಲ ಎಂದು ಯಾರೂ ಹೇಳಲಾರರು. ಆದರೆ ಆ ದಿನಗಳಲ್ಲಿ ಕಲಿತವರನ್ನು ಕೇಳಿದರೆ ಹೆಚ್ಚಿನವರ ನೆನಪಿನಲ್ಲಿ ಉಳಿದಿರುವುದು ಪೇಂಟ್‌ನಲ್ಲಿ ಬರೆದ ಎರಡು ಗುಡ್ಡ, ನಡುವೆ ಒಂದು ಸೂರ್ಯ. ಹತ್ತು ಯಂತ್ರಗಳನ್ನು ನೂರೈವತ್ತು ಮಕ್ಕಳು ಹೇಗೆ ಹಂಚಿಕೊಳ್ಳಬೇಕು, ಯಾರಿಗೆ ಯಾವ ಅಧಿಕಾರ ಎಂಬುದು ಪಾಠವಾಗಲಿಲ್ಲ. ಅದು ಕೊಠಡಿಯ ಬೀಗದ ಕೈ ಇಟ್ಟುಕೊಂಡವರ ಕೆಲಸ ಎಂದಾಯಿತು.

ಹಾಗೆಂದು ಈ ವಿದ್ಯೆ ನಮ್ಮ ಊರುಗಳಿಗೆ ಹೊಸದೇನಲ್ಲ. ಕಾರವಾರ, ಅಂಕೋಲಾ ತಾಲ್ಲೂಕುಗಳ ಮಕ್ಕಳಿಗೆ ಅದರ ಪಾಠ ಮನೆಯ ಪೆಟ್ಟಿಗೆಯೊಳಗೇ ಇದೆ. ಪಹಣಿಯನ್ನು ತೆಗೆದು ನೋಡಿ.

ಪಹಣಿಯ 9ನೆಯ ಕಾಲಮಿನಲ್ಲಿ ಭೂಮಿಯ ಮಾಲೀಕನ ಹೆಸರು, 12ನೆಯ ಕಾಲಮಿನಲ್ಲಿ ಸಾಗುವಳಿ ಮಾಡುವವನ ಹೆಸರು. ಈ ಎರಡು ಕಾಲಮುಗಳ ನಡುವಿನ ಅಂತರದಲ್ಲಿಯೇ ಈ ಜಿಲ್ಲೆಯ ರೈತರ ಅರ್ಧ ಇತಿಹಾಸ ಅಡಗಿದೆ. ಅಂಕೋಲೆಯ ದಿನಕರ ದೇಸಾಯಿಯವರನ್ನು ನೀವು ಚುಟುಕುಗಳ ಕವಿಯೆಂದು ಬಲ್ಲಿರಿ, ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳ ಸ್ಥಾಪಕರೆಂದೂ ಬಲ್ಲಿರಿ. ಅವರು ಗೇಣಿದಾರ ರೈತರನ್ನು ಸಂಘಟಿಸಿದವರು. ಅದಕ್ಕಾಗಿ ಬ್ರಿಟಿಷ್ ಸರಕಾರ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತ್ತು. 1974ರ ಭೂಸುಧಾರಣಾ ತಿದ್ದುಪಡಿ ಬಂದಾಗ ಗೇಣಿದಾರರು 7ನೆಯ ನಮೂನೆಯ ಅರ್ಜಿ ಹಿಡಿದು ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಪಹಣಿಯಲ್ಲಿ ಸಾಗುವಳಿದಾರನೆಂದು ಹೆಸರಿದ್ದವನಿಗೆ ದಾರಿ ಸುಲಭವಾಗಿತ್ತು. ತಲೆಮಾರುಗಳಿಂದ ಉತ್ತಿದ್ದರೂ ಹೆಸರು ಬೀಳದವನು ಸಾಕ್ಷಿಗಳನ್ನು ಹುಡುಕಿಕೊಂಡು ಅಲೆಯಬೇಕಿತ್ತು. ಮುಂದೆ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆಯಾಗಿ ಈ ಎರಡೂ ತಾಲ್ಲೂಕುಗಳ ಕಡಲಂಚಿನ ಸಾವಿರಾರು ಕುಟುಂಬಗಳು ಒಕ್ಕಲೆದ್ದಾಗಲೂ ಪರಿಹಾರದ ಮಾತು ಬಂದಲ್ಲೆಲ್ಲ ಮೊದಲು ಕೇಳಿದ್ದು ದಾಖಲೆಯಲ್ಲಿ ಯಾರ ಹೆಸರಿದೆ ಎಂದೇ.

ಹೀಗಿರುವಾಗ ಆ ಹೆಸರನ್ನು ತಿದ್ದುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಅನ್ನದ ಪ್ರಶ್ನೆ. ಬಹುಕಾಲ ಆ ಪುಸ್ತಕ ಒಬ್ಬರ ವಶದಲ್ಲಿರುತ್ತಿತ್ತು. ಶಾನುಭೋಗರು, ಆಮೇಲೆ ತಲಾಠಿ, ಆಮೇಲೆ ಗ್ರಾಮ ಲೆಕ್ಕಿಗರು. ಈಗ ಆ ಹುದ್ದೆಯ ಹೆಸರು ಗ್ರಾಮ ಆಡಳಿತ ಅಧಿಕಾರಿ. ಬರೆದವರು ಯಾರು, ಯಾವ ದಿನ ತಿದ್ದಿದರು ಎಂಬುದು ಶಾಯಿಯ ಬಣ್ಣ ನೋಡಿ ಊಹಿಸಬೇಕಾದ ಸಂಗತಿಯಾಗಿತ್ತು.

2002ರ ಹೊತ್ತಿಗೆ 'ಭೂಮಿ' ಯೋಜನೆ ರಾಜ್ಯದ 177 ತಾಲ್ಲೂಕು ಕಚೇರಿಗಳಲ್ಲಿಯೂ ನೆಲೆಗೊಂಡಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಮುದ್ರಿತ ಪ್ರತಿ ಸಿಗುತ್ತಿತ್ತು, ರೈತನಿಗೆ ಕಾಣುವಂತೆ ಹೊರಮುಖವಾಗಿ ಎರಡನೆಯ ಪರದೆಯನ್ನೂ ಇಟ್ಟಿದ್ದರು. ಪತ್ರಿಕೆಗಳು ಹೊಗಳಿದ್ದು ಈ ವೇಗವನ್ನು. ನನ್ನನ್ನು ಕೇಳಿದರೆ ಅದರ ನಿಜವಾದ ಹೆಚ್ಚುಗಾರಿಕೆ ಇದ್ದದ್ದು ಒಳಹೋಗುವ ಬಾಗಿಲಿನಲ್ಲಿ. ಗುಪ್ತಪದವನ್ನು ಒಬ್ಬರು ಇನ್ನೊಬ್ಬರಿಗೆ ಹೇಳಿಬಿಡಬಹುದು, ಬೆರಳನ್ನು ಬಿಚ್ಚಿ ಕೊಡಲಾಗದು. ಆದ್ದರಿಂದ ಸಿಬ್ಬಂದಿ ಬೆರಳಚ್ಚು ಒತ್ತಿಯೇ ಒಳಹೋಗಬೇಕು ಎಂದು ಮಾಡಿದರು. ದಾಖಲಿಸುವವರಿಗೆ ಒಂದು ಅಧಿಕಾರ, ಪರಿಶೀಲಿಸಿ ಒಪ್ಪಿಗೆ ಕೊಡುವವರಿಗೆ ಇನ್ನೊಂದು. ಯಾರು ಯಾವಾಗ ಏನು ಬದಲಿಸಿದರು ಎಂಬುದು ದಾಖಲೆಯಾಗಿ ಉಳಿಯುತ್ತಿತ್ತು. ಮೊದಲು ಬಂದ ಅರ್ಜಿಯನ್ನು ಹಿಂದಕ್ಕಿಟ್ಟು ಆಮೇಲೆ ಬಂದದ್ದನ್ನು ಎತ್ತಿಕೊಳ್ಳಲು ಯಂತ್ರ ಬಿಡುತ್ತಿರಲಿಲ್ಲ. ಲಂಚ ಪೂರ್ತಿ ನಿಂತಿತೆಂದು ಇದರ ಅರ್ಥವಲ್ಲ. ಬೆರಳಿನ ಒಡೆಯನ ಮನಸ್ಸನ್ನು ಯಂತ್ರ ಪರೀಕ್ಷಿಸುವುದಿಲ್ಲ. ಆದರೆ ತಪ್ಪು ಹುಡುಕಹೊರಟವನಿಗೆ ಹಿಡಿಯಲು ಒಂದು ಹೆಸರು ಸಿಕ್ಕಿತು.

ಇದನ್ನು ಪ್ರೌಢಶಾಲೆಯಲ್ಲಿ ಕಲಿಸುವುದು ಹೇಗೆ? ಅದಕ್ಕೆ ಮೊದಲ ಎರಡು ವಾರ ಕಂಪ್ಯೂಟರೇ ಬೇಡ, ಒಂದು ದೊಡ್ಡ ಹಾಳೆ ಸಾಕು. ಮೇಲೆ ಉತ್ತರ ಕನ್ನಡ ಜಿಲ್ಲೆ ಎಂದು ಬರೆಯಿರಿ. ಕೆಳಗೆ ಕವಲೊಡೆದು ಕಾರವಾರ, ಅಂಕೋಲಾ ಮುಂತಾದ ತಾಲ್ಲೂಕುಗಳು, ಅದರ ಕೆಳಗೆ ಶಾಲೆಗಳು, ಶಾಲೆಯ ಕೆಳಗೆ ಎಂಟು, ಒಂಬತ್ತು, ಹತ್ತನೆಯ ತರಗತಿಗಳು. ದೊಡ್ಡ ಸಂಸ್ಥೆಗಳ ಜಾಲದಲ್ಲಿ ಇರುವುದೂ ಇಂಥದೇ ಒಂದು ಮರ. ಇದಕ್ಕೆ ಡೈರೆಕ್ಟರಿ ಎನ್ನುತ್ತಾರೆ. 1988ರಲ್ಲಿ ಎಕ್ಸ್.500 ಎಂಬ ಅಂತರರಾಷ್ಟ್ರೀಯ ಮಾನಕ ಇದಕ್ಕೊಂದು ರೂಪ ಕೊಟ್ಟಿತು. ಅದು ಬಹಳ ಭಾರದ ವ್ಯವಸ್ಥೆ. 1993ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು ಅದನ್ನು ಹಗುರಗೊಳಿಸಿ ಎಲ್‌ಡ್ಯಾಪ್ ಎಂಬ ವಿಧಾನ ರೂಪಿಸಿದರು. 2000ದಲ್ಲಿ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 2000ರೊಡನೆ ತಂದ ಆಕ್ಟಿವ್ ಡೈರೆಕ್ಟರಿಯೂ ಇದೇ ಜಾಡಿನದು.

ಮರದ ಗುಣ ಏನೆಂದರೆ ಮೇಲಿನ ಕೊಂಬೆಗೆ ಕಟ್ಟಿದ ನಿಯಮ ಕೆಳಗಿನ ಎಲೆಗಳಿಗೆಲ್ಲ ಅನ್ವಯಿಸುತ್ತದೆ. ಮಳೆ ಜೋರಾಗಿ ಜಿಲ್ಲಾಧಿಕಾರಿಗಳು ಅಂಕೋಲಾ ತಾಲ್ಲೂಕಿಗೆ ರಜೆ ಸಾರಿದರೆ ಅವರ್ಸೆಯ ಶಾಲೆಗೆ ಬೇರೆ ಆದೇಶ ಬೇಕಿಲ್ಲ, ಕಾರವಾರದ ಶಾಲೆಗೆ ಅದು ಸಲ್ಲುವುದೂ ಇಲ್ಲ. ಜೂನ್, ಜುಲೈ ತಿಂಗಳಲ್ಲಿ ಈ ಉದಾಹರಣೆಯನ್ನು ವಿವರಿಸಿ ಹೇಳಬೇಕಾದ ಪ್ರಮೇಯ ಬಾರದು!

ಇನ್ನು ಯಂತ್ರ ಮತ್ತು ಮನುಷ್ಯ. ಅಂಕೋಲೆಯ ಶಿಕ್ಷಕಿಯೊಬ್ಬರಿಗೆ ಕಾರವಾರಕ್ಕೆ ವರ್ಗವಾಯಿತೆನ್ನಿ. ಅವರ ಹೆಸರು ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹೋಗಬೇಕು. ಅವರು ಬಳಸುತ್ತಿದ್ದ ಕಂಪ್ಯೂಟರು ಅಂಕೋಲೆಯಲ್ಲೇ ಉಳಿಯಬೇಕು. ಬಳಕೆದಾರರ ಪಟ್ಟಿ ಬೇರೆ, ಕಂಪ್ಯೂಟರುಗಳ ಪಟ್ಟಿ ಬೇರೆ ಇಡುವುದು ಇದಕ್ಕೆ. ಯಂತ್ರಕ್ಕೆ ಹೆಸರಿಡುವಾಗಲೂ 'ಪಾಟೀಲ ಸರ್ ಕಂಪ್ಯೂಟರ್' ಎಂದಿಡಬಾರದು, ಸರ್ ನಿವೃತ್ತರಾಗುತ್ತಾರೆ. ಕೊಠಡಿಯ ಹೆಸರು ಮತ್ತು ಸಾಲಿನ ಸಂಖ್ಯೆ ಇಟ್ಟರೆ ಕೆಟ್ಟ ಯಂತ್ರವನ್ನು ಹುಡುಕುವುದೂ ಸುಲಭ.

ಗುಂಪು ಎಂಬುದು ಮತ್ತೆ ಬೇರೆ. ಒಬ್ಬ ಹುಡುಗ ಏಕಕಾಲಕ್ಕೆ ಎರಡು ತರಗತಿಗಳಲ್ಲಿ ಇರಲಾರ. ಆದರೆ ಕಬಡ್ಡಿ ತಂಡದಲ್ಲಿಯೂ ಇರಬಹುದು, ವಾರ್ಷಿಕೋತ್ಸವದ ಯಕ್ಷಗಾನದಲ್ಲಿ ವೇಷವನ್ನೂ ಹಾಕಬಹುದು. ತರಗತಿ ಮರದ ಕೊಂಬೆ. ತಂಡ ಮತ್ತು ಮೇಳ ಗುಂಪುಗಳು. ಯಕ್ಷಗಾನದ ಪ್ರಸಂಗದ ಕಡತವನ್ನು ಓದುವ ಅನುಮತಿಯನ್ನು ಹನ್ನೆರಡು ಜನರಿಗೆ ಹನ್ನೆರಡು ಸಲ ಕೊಡುವ ಬದಲು ಮೇಳ ಎಂಬ ಗುಂಪಿಗೆ ಒಮ್ಮೆ ಕೊಟ್ಟರೆ ಮುಗಿಯಿತು. ವೇಷಧಾರಿ ಬದಲಾದರೆ ಗುಂಪಿನಲ್ಲಿ ಹೆಸರು ಬದಲಿಸಿದರಾಯಿತು. ಕೊಂಬೆ ಮತ್ತು ಗುಂಪು ಇವೆರಡನ್ನೂ ಕಲಸಿ ಜಾಲವನ್ನು ಗೋಜಲು ಮಾಡಿಕೊಂಡಿರುವ ದೊಡ್ಡ ದೊಡ್ಡ ಕಚೇರಿಗಳು ಉಂಟು.

ಹೆಸರಿಡುವ ಪಾಠದಲ್ಲಿ ಮಕ್ಕಳಿಗೆ ನಗು ಬರುವುದು ಖಂಡಿತ. ಅಂಕೋಲೆಯ ಯಾವುದೇ ಶಾಲೆಯಲ್ಲಿ ಗಣಪತಿ ನಾಯಕ ಎಂದು ಕೂಗಿದರೆ ಮೂವರಾದರೂ ಎದ್ದು ನಿಂತಾರು. ಹಾಜರಿ ಕೂಗುವ ಶಿಕ್ಷಕರು ತಂದೆಯ ಹೆಸರು, ಊರಿನ ಹೆಸರು ಸೇರಿಸಿ ಸಂಭಾಳಿಸುತ್ತಾರೆ. ಯಂತ್ರಕ್ಕೆ ಒಂದೇ ಹೆಸರಿನ ಇಬ್ಬರು ಸಲ್ಲರು. ಆದ್ದರಿಂದ ಹೆಸರಿನ ಜೊತೆಗೆ ಎಂದೂ ಬದಲಾಗದ ಒಂದು ಸಂಖ್ಯೆ ಬೇಕು. ಆದರೆ ಆ ಸಂಖ್ಯೆಯನ್ನೇ ಗುಪ್ತಪದ ಮಾಡಿದರೆ ಹಾಜರಿ ಪುಸ್ತಕ ನೋಡಿದವರೆಲ್ಲ ಒಳನುಗ್ಗಬಹುದು. ಹುಟ್ಟಿದ ದಿನವೂ ಹಾಗೆಯೇ.

ಅಧಿಕಾರ ಹಂಚುವ ಪಾಠ ಇನ್ನೂ ಸೂಕ್ಷ್ಮವಾದದ್ದು. ಗುಪ್ತಪದ ಮರೆತ ಮಗುವಿಗೆ ಹೊಸದನ್ನು ಕೊಡಲು ಮುಖ್ಯೋಪಾಧ್ಯಾಯರೇ ಬರಬೇಕೇ? ತರಗತಿಯ ಶಿಕ್ಷಕರಿಗೆ ಅಷ್ಟು ಅಧಿಕಾರವನ್ನು ಮಾತ್ರ ಬಿಟ್ಟುಕೊಡಬಹುದು. ಕೆಲಸಕ್ಕೆ ಬೇಕಾದಷ್ಟು ಅಧಿಕಾರ, ಅದಕ್ಕಿಂತ ಹೆಚ್ಚಿಲ್ಲ. ಎಲ್ಲ ಅಧಿಕಾರವೂ ಇರುವ ಖಾತೆಯನ್ನು ದಿನನಿತ್ಯದ ಕೆಲಸಕ್ಕೆ ಬಳಸುವುದೆಂದರೆ ಗುಂಡು ತುಂಬಿದ ಕೋವಿಯಿಂದ ಮಾವಿನಕಾಯಿ ಉದುರಿಸಿದ ಹಾಗೆ. ಮತ್ತೊಂದು ಮಾತನ್ನೂ ಮಕ್ಕಳಿಗೆ ಹೇಳಲೇಬೇಕು. ಜಾಲವನ್ನು ನೋಡಿಕೊಳ್ಳುವವನಿಗೆ ಎಲ್ಲರ ಕಡತ ತೆರೆಯಲು ಸಾಧ್ಯವಿರುತ್ತದೆ. ಸಾಧ್ಯವಿದೆ ಎಂದ ಮಾತ್ರಕ್ಕೆ ಓದುವ ಹಕ್ಕು ಬರುವುದಿಲ್ಲ. ಅಂಚೆಯವರು ಕಾಗದ ಹೊತ್ತು ತರುತ್ತಾರೆ, ಒಡೆದು ಓದುತ್ತಾರೆಯೇ?

ಇಂಥ ಕೆಲಸವನ್ನು ಹೈಸ್ಕೂಲಿನ ಮಕ್ಕಳು ಮಾಡಬಲ್ಲರೇ ಎಂಬ ಸಂಶಯ ಬೇಡ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐ.ಟಿ. ಸ್ಕೂಲ್ ಯೋಜನೆ ಬಳಿಕ ಮುಕ್ತ ತಂತ್ರಾಂಶದ ಕಡೆಗೆ ಹೊರಳಿತು. 2018ರಲ್ಲಿ ಪ್ರೌಢಶಾಲೆಗಳಲ್ಲಿ 'ಲಿಟ್ಲ್ ಕೈಟ್ಸ್' ಎಂಬ ವಿದ್ಯಾರ್ಥಿ ಕೂಟಗಳು ಹುಟ್ಟಿದವು. ಶಾಲೆಯ ಯಂತ್ರಗಳ ಆರೈಕೆಯಲ್ಲಿ ಈ ಮಕ್ಕಳಿಗೂ ಪಾಲಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕವನ್ನು ಕನ್ನಡದಲ್ಲಿಯೇ ಓದುತ್ತಾರೆ. ಅವರಿಗೆ ಆಗುವುದು ಅಂಕೋಲೆಯ ಮಕ್ಕಳಿಗೆ ಆಗದೆ ಏನು?

ಕೊನೆಗೆ ಉಳಿಯುವುದು ಬಿಟ್ಟುಹೋದವರ ಲೆಕ್ಕ. ಪ್ರತಿವರ್ಷ ಹತ್ತನೆಯ ತರಗತಿಯವರು ಶಾಲೆ ಬಿಡುತ್ತಾರೆ, ಅವರ ಹೆಸರು ಯಂತ್ರದಲ್ಲಿ ಹಾಗೆಯೇ ಇರುತ್ತದೆ. ಇದು ಪಹಣಿಯ ರೋಗವೂ ಹೌದು. ಅಜ್ಜ ತೀರಿ ಮೂವತ್ತು ವರ್ಷವಾದರೂ ಜಮೀನು ಅವರ ಹೆಸರಿನಲ್ಲಿಯೇ ಇರುತ್ತದೆ. ಅದನ್ನು ವಾರಸುದಾರರಿಗೆ ಮಾಡಿಕೊಡುವುದಕ್ಕೆ ಪೌತಿ ಖಾತೆ ಎಂಬ ಕ್ರಮವಿದೆ. ಜಾಲದಲ್ಲಿ ಹೆಸರನ್ನು ಅವಸರದಲ್ಲಿ ಅಳಿಸಿದರೂ ತೊಂದರೆ. ವಿಂಡೋಸ್ ಪ್ರತಿ ಖಾತೆಗೂ ಒಳಗೊಳಗೇ ಒಂದು ಗುರುತಿನ ಸಂಖ್ಯೆ ಕೊಟ್ಟಿರುತ್ತದೆ. ಅಳಿಸಿ, ಮತ್ತೆ ಅದೇ ಹೆಸರಿನಲ್ಲಿ ಖಾತೆ ಮಾಡಿದರೆ ಹಳೆಯ ಕಡತಗಳು ಅವನನ್ನು ಪರಕೀಯನೆಂದೇ ತಿಳಿಯುತ್ತವೆ. ಲಿನಕ್ಸ್‌ನಲ್ಲಿ ಇದಕ್ಕೆ ತದ್ವಿರುದ್ಧದ ಅಪಾಯ. ಹೋದವನ ಸಂಖ್ಯೆ ಹೊಸಬನಿಗೆ ಸಿಕ್ಕಿಬಿಟ್ಟರೆ ಅಳಿಯದೆ ಉಳಿದ ಕಡತಗಳೂ ಅವನವಾಗುತ್ತವೆ. ಆದ್ದರಿಂದ ಬಲ್ಲವರು ಮೊದಲು ಖಾತೆಯನ್ನು ತಡೆಹಿಡಿಯುತ್ತಾರೆ, ಕಡತಗಳನ್ನು ಅವರವರಿಗೆ ಒಪ್ಪಿಸುತ್ತಾರೆ, ಕೆಲವು ತಿಂಗಳ ಬಳಿಕವಷ್ಟೇ ಅಳಿಸುತ್ತಾರೆ. ಮಾರ್ಚ್ ಪರೀಕ್ಷೆ ಮುಗಿದ ಮೇಲೆ, ಜೂನ್‌ನಲ್ಲಿ ಹೊಸಬರು ಬರುವ ಮೊದಲು, ಒಂಬತ್ತನೆಯ ತರಗತಿಯ ಇಬ್ಬರಿಗೆ ಈ ಕೆಲಸ ಒಪ್ಪಿಸಿದರೆ ಎರಡು ಮಧ್ಯಾಹ್ನಗಳಲ್ಲಿ ಮುಗಿಯುತ್ತದೆ.